ಮುಖಕ್ಕೆ ಕೈ ಇಲ್ಲ

ಕ್ಲಾಸು ಮುಗಿಯುವ ಹೊತ್ತಿಗೆ ಬಾಳವ್ವ ಮೆಟ್ಟಿಲು ಹತ್ತಿ ಬಂದರು. ಗೋಕಾಕದಲ್ಲಿ ಒಂದು ಅಡತಿ ಅಂಗಡಿಯ ಮೇಲಿನ ಹಾಲಿನಲ್ಲಿ ನಾನು ಸಂಜೆ ಹುಡುಗಿಯರಿಗೆ ಕರಾಟೆ ಕಲಿಸುತ್ತೇನೆ. ಹಗಲು ಔಷಧಿ ಅಂಗಡಿಯಲ್ಲಿ ಕೆಲಸ. ಬಾಳವ್ವನ ಮಗಳು ವಿಜಯಲಕ್ಷ್ಮಿ ನನ್ನ ಹಳೆಯ ವಿದ್ಯಾರ್ಥಿನಿ. ಆ ವಾರ ಅವಳು ಬಂದಿರಲಿಲ್ಲ. ಜ್ವರವೇನೋ ಎಂದುಕೊಂಡಿದ್ದೆ.

ಹುಡುಗಿಯರು ಚೀಲ ಎತ್ತಿಕೊಂಡು ಇಳಿದು ಹೋಗುವವರೆಗೆ ಬಾಳವ್ವ ಗೋಡೆಗೆ ಒರಗಿ ನಿಂತು ನನ್ನ ಕೈಗಳನ್ನೇ ನೋಡುತ್ತಿದ್ದರು.

"ಕುಂಡ್ರಿ ಬಾಳವ್ವಾರ."

"ಕುಂಡ್ರಾಕ ಬಂದಿಲ್ರಿ ಬಾಯಾರ. ಒಂದು ಮಾತು ಕೇಳಿ ಹೋಗಾಕ ಬಂದೇನಿ. ಕಲ್ಲಿಲೆ ಹೊಡಿಯೂದೂ ಇಲ್ಲೇ ಕಲಸ್ತೀರೇನ್ರಿ?"

ನನಗೆ ಅರ್ಥವಾಗಲಿಲ್ಲ.

"ನಿಮ್ಮ ವಿಜಿ ನನ್ನ ತಮ್ಮನ ದವಡಿ ಒಡದಾಳ. ಎರಡು ಹಲ್ಲು ಹೋಗ್ಯಾವು. ಕಲ್ಲ ತಗೊಂಡು ಹೊಡದ್ಲು ಅಂತ ಅಂವ ಹೇಳ್ತಾನ."

'ನಿಮ್ಮ ವಿಜಿ' ಎಂದರು, ತಮ್ಮದೇ ಮಗಳನ್ನು.

ತಮ್ಮ ಎಂದರೆ ಮಾಲಿಂಗ, ವಿಜಿಯ ಸೋದರಮಾವ. ವಿಜಿ ತೊಟ್ಟಿಲಲ್ಲಿದ್ದಾಗಲೇ ಅವಳು ಮಾಲಿಂಗನ ಹೆಂಡತಿ ಎಂದು ಆ ಮನೆಯಲ್ಲಿ ಆಡಿಕೊಂಡಿದ್ದರಂತೆ. ನಡುವೆ ಅವಳು ಓದಿದಳು, ಮೈದಾನದಲ್ಲಿ ಓಡಿದಳು, ಪೊಲೀಸ್ ಪರೀಕ್ಷೆ ಬರೆದಳು. ಆಯ್ಕೆಯಾದವರಲ್ಲಿ ಅವಳ ಹೆಸರು ಬಂದಿತ್ತು. ವೈದ್ಯಕೀಯ ಪರೀಕ್ಷೆಯೂ ಮುಗಿದಿತ್ತು. ಊರಿಗೆ ಬಂದು ನಡತೆ ವಿಚಾರಿಸುವುದೊಂದು ಬಾಕಿ. ಹೆಸರು ಬಂದ ದಿನದಿಂದ ಮಾಲಿಂಗನಿಗೆ ಮದುವೆಯ ಅವಸರ ಹುಟ್ಟಿತ್ತು.

"ಐತವಾರ ಹಿರ್ಯಾರು ಕೂಡ್ತಾರ. ಭೀಮರಾಯ ಕಾಕಾ ಹೇಳಿ ಕಳಿಸ್ಯಾರ. ನೀವು ಬಂದು ಏನ ಕಲಸೀರಿ ಅಂತ ಎಲ್ಲಾರ ಮುಂದ ಹೇಳಬೇಕ್ರಿ. ಅಲ್ಲಿ ಬಗೀಹರಿಲಿಲ್ಲಂದ್ರ ಸೋಮಾರ ಅಂವ ಟೇಸನ್ನಿಗೆ ಹೋಗ್ತಾನಂತ."

"ಟೇಸನ್ನಿಗೆ ಹೋದ್ರ ವಿಜಿ ನೌಕರಿ..."

"ಗೊತ್ತೈತ್ರಿ. ಅದಕ್ಕ ಅಂವ ಇನ್ನೊಂದು ಮಾತು ಹೇಳ್ಯಾನ. ಲಗ್ನಾ ಮಾಡಿಕೊಟ್ರ ಎಲ್ಲಾ ಹೊಟ್ಯಾಗ ಹಾಕ್ಕೊಂತೇನಿ ಅಂತಾನ."

ಅವರು ಇದನ್ನು ಹೇಳಿದ ರೀತಿಯಲ್ಲಿ ಸಿಟ್ಟಿತ್ತೋ, ಸಮಾಧಾನವಿತ್ತೋ ತಿಳಿಯಲಿಲ್ಲ. ಗಂಡ ಕುರಿ ಹಿಂಡಿನ ಜೊತೆ ಕೊಲ್ಹಾಪುರದ ಕಡೆ ಹೋಗಿದ್ದ. ಒಂದು ಕಡೆ ತಮ್ಮ, ಒಂದು ಕಡೆ ಮಗಳು. ಬಾಳವ್ವ ಯಾರ ಪರವಾಗಿ ನನ್ನನ್ನು ಕರೆಯಲು ಬಂದಿದ್ದಾರೆ ಎಂಬ ಸಂಶಯ ಅವರು ಮೆಟ್ಟಿಲು ಇಳಿದ ಮೇಲೂ ನನ್ನನ್ನು ಬಿಡಲಿಲ್ಲ.

ವಿಜಿಗೆ ಫೋನ್ ಮಾಡಿದೆ. ಅವಳ ಉತ್ತರ ಮೊದಲೇ ತೂಗಿ ಇಟ್ಟಂತಿತ್ತು.

"ಕೈ ಹಚ್ಚಿಲ್ಲ ಮೇಡಂ. ಕಲ್ಲ ಮುಟ್ಟಿಲ್ಲ."

"ಮತ್ತ ಹಲ್ಲ ಹೆಂಗ ಹೋದೂವು?"

"ನೀವು ಬರ್ತೀರಲ್ಲ ಐತವಾರ. ಬರ್ರಿ."

ನಿರಪರಾಧಿಯಾದವಳು ಹೀಗೆ ಮಾತಾಡುತ್ತಾಳೆಯೇ? ನಾನು ಕೇಳಿದ್ದು ಒಂದು, ಅವಳು ಹೇಳಿದ್ದು ಇನ್ನೊಂದು. ಕೈ ಹಚ್ಚಿಲ್ಲ ಎಂಬುದನ್ನು ಮಾತ್ರ ಗಟ್ಟಿಯಾಗಿ ಹೇಳಿದಳು.

ನಾವು ಕಲಿಸುವುದು ಫುಲ್ ಕಾಂಟ್ಯಾಕ್ಟ್ ಕರಾಟೆ. ಕೈಗೆ ಗ್ಲೌಸಿಲ್ಲ, ಮುಟ್ಟಿ ಬಿಡುವ ಆಟವಲ್ಲ. ಎದೆ, ಹೊಟ್ಟೆ, ಪಕ್ಕೆ, ತೊಡೆಗೆ ಪೂರ್ತಿ ಬಲದಿಂದ ಹೊಡೆಯುತ್ತೇವೆ. ಕಾಲಿನಿಂದ ತಲೆಗೂ ಹೊಡೆಯಬಹುದು. ಆದರೆ ಕೈಯಿಂದ ಮುಖಕ್ಕೆ ಹೊಡೆದರೆ ಫೌಲು. ಮುಷ್ಟಿಯಿಂದ ಮುಖಕ್ಕೆ ಹೊಡೆದರೆ ಮೂಗು ಹಲ್ಲು ಉಳಿಯುವುದಿಲ್ಲ ಎಂದು ಮಾಡಿದ ನಿಯಮ. 'ಮುಖಕ್ಕೆ ಕೈ ಇಲ್ಲ' ಎಂದು ನಾನು ಪ್ರತಿ ಸಂಜೆ ಕೂಗುತ್ತೇನೆ.

ಈ ನಿಯಮದ ಮೇಲೆ ನನಗೆ ಸಂಶಯ ಶುರುವಾದದ್ದು ಮೂಡಲಗಿಯ ಪಂದ್ಯದಲ್ಲಿ. ನನ್ನ ಇಬ್ಬರು ಹುಡುಗಿಯರು ಎದೆಗೆ ಎದೆ ಕೊಟ್ಟು ನಿಂತು ಬಡಿದಾಡುತ್ತಿದ್ದರು. ಕೈ ಪಕ್ಕೆಯ ಹತ್ತಿರ, ಗಲ್ಲ ಪೂರ್ತಿ ತೆರೆದು. ನನ್ನ ಹಿಂದೆ ಕೂತಿದ್ದ ಮುದಿ ಪೈಲ್ವಾನರೊಬ್ಬರು ಬಾಜೂದವನಿಗೆ ಹೇಳಿದರು: "ಈ ಹುಡುಗ್ಯಾರು ಸಂತ್ಯಾಗ ಹಿಂಗ ನಿಂತ್ರ, ಉಳ್ಳಾಗಡ್ಡಿ ಮಾರೂ ಮುದುಕಿ ಕಪಾಳಕ್ಕ ಎರಡು ಬಿಟ್ಟು ತಕ್ಕಡಿ ಹಿಡಕೊಂಡು ಹೋಗ್ತಾಳ ನೋಡು." ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಬಸ್ಸಿನಲ್ಲಿ ಕೂತು ಯೋಚಿಸಿದೆ, ಅವರು ಹೇಳಿದ್ದರಲ್ಲಿ ಸುಳ್ಳು ಎಲ್ಲಿದೆ ಎಂದು. ಅವತ್ತಿನಿಂದ ಹುಡುಗಿಯರಿಗೆ ಒಂದು ಮಾತು ಸೇರಿಸಿ ಹೇಳುತ್ತಿದ್ದೆ: ಹೊರಗೆ ನಿಜವಾಗಿ ಯಾರಾದರೂ ಮೈಮೇಲೆ ಬಂದರೆ ಓಡಿ, ಓಡಲು ಆಗದಿದ್ದರೆ ತೊಡೆಗೆ, ಮೊಣಕಾಲಿಗೆ ಒದೆಯಿರಿ, ಕಾಲನ್ನು ಸೊಂಟದ ಮೇಲೆ ಎತ್ತಬೇಡಿ, ಜಾರಿ ಬೀಳುತ್ತೀರಿ. ಎತ್ತರದ ಒದೆ ಚಾಪೆಯ ಮೇಲಿನ ಚೆಂದ, ಬೀದಿಯಲ್ಲಿ ಅದು ನಡೆಯುವುದಿಲ್ಲ ಎಂದೇ ನಾನು ನಂಬಿದ್ದೆ.

ಹಾಗಾಗಿ ನನ್ನ ಲೆಕ್ಕ ಹೀಗೆ ಓಡಿತು: ವಿಜಿ ಮುಷ್ಟಿಯಿಂದ ಮುಖಕ್ಕೆ ಹೊಡೆಯುವವಳಲ್ಲ, ಅವಳ ಕೈಗೆ ಆ ರೂಢಿಯೇ ಇಲ್ಲ. ಹಲ್ಲು ಹೋದದ್ದು ಸುಳ್ಳಲ್ಲ. ಹಾಗಾದರೆ ಕಲ್ಲೇ ಇರಬೇಕು. ನಾನು ಕಲಿಸಿದ್ದು ಕೆಲಸಕ್ಕೆ ಬರಲಿಲ್ಲ, ಹುಡುಗಿ ಹೆದರಿ ಕಲ್ಲು ಎತ್ತಿದಳು. ಹೀಗೆ ಯೋಚಿಸಲು ನಾಚಿಕೆಯಾಯಿತು. ಯೋಚನೆ ನಿಲ್ಲಲಿಲ್ಲ.

ಹುಕ್ಕೇರಿಯಲ್ಲೂ ಸಂಕೇಶ್ವರದಲ್ಲೂ ಕ್ಲಾಸು ನಡೆಸುವ ಸ್ವಪ್ನಿಲ್ ಸರ್ ನನ್ನ ಗುರುಗಳು. ಅವರಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಅರೇ, ಅದ್ರಾಗ ಏನೈತಿ ನಾಗರತ್ನಾ? ನಿಯಮಾ ಹೇಳು, ಬಸ್. ಮುಖಕ್ಕ ಕೈ ಇಲ್ಲ ಅನ್ನು. ನಮ್ಮ ಹುಡುಗಿ ಹೊಡದಿಲ್ಲ ಅಂತ ಆಪ್ ಸೇ ಆಪ್ ಸಾಬೀತ ಆಗ್ತೈತಿ."

"ಅಕಿ ಖರೇನ ಕಲ್ಲ ಹಿಡದಿದ್ರ?"

"ಅದು ನಿನಗ ಯಾಕ ಬೇಕು? ನೀ ನೋಡೀಯೇನು? ನೋಡಿಲ್ಲ. ಕರಾಟಿ ಹೆಸರು ಕೆಡಬಾರದು, ಅಷ್ಟ ನೋಡ್ಕೊ. ಸಾಲಿ ಶುರು ಆಗೂ ಟೈಮ್ ಐತಿ, ಪಾಲಕರು ಹುಡುಗೂರನ್ನ ಸೇರಿಸೂ ಹೊತ್ತು."

ಅವರಿಗೆ ವಿಜಿಯ ಚಿಂತೆಗಿಂತ ದಾಖಲಾತಿಯ ಚಿಂತೆ ಇತ್ತು. ಆದರೂ ಅವರ ಮಾತು ಸರಿಯೆನಿಸಿತು. ಗೊತ್ತಿರುವ ನಿಜವನ್ನಷ್ಟೇ ಹೇಳಿ ಬಂದರೆ ನನ್ನ ಮೇಲೆ ತಪ್ಪು ಬರುವುದಿಲ್ಲ.

ಭಾನುವಾರ ಅಂಕಲಗಿಯ ಬಸ್ಸು ಹತ್ತಿದೆ. ಅಲ್ಲಿಂದ ಒಳಗಿನ ಊರಿಗೆ ವಿಜಿ ಸ್ಕೂಟಿಯಲ್ಲಿ ಕರೆದುಕೊಂಡು ಹೋಗಲು ಬಂದಿದ್ದಳು. ನಮಸ್ಕಾರ ಮಾಡಿದಾಗ ಅವಳ ಎರಡೂ ಕೈಗಳನ್ನು ಹಿಡಿದು ತಿರುಗಿಸಿ ನೋಡಿದೆ. ಗೆಣ್ಣುಗಳ ಮೇಲೆ ಅಭ್ಯಾಸದಿಂದ ಗಟ್ಟಿಯಾದ ಹಳೆಯ ದಡ್ಡು ಮಾತ್ರ. ಹಲ್ಲು ಮುರಿದ ಮುಷ್ಟಿಯಾಗಿದ್ದರೆ ಗಾಯವಿಲ್ಲದೆ ಉಳಿಯುವುದಿಲ್ಲ. ಔಷಧಿ ಅಂಗಡಿಗೆ ಅಂಥ ಕೈಗಳು ಬರುತ್ತಿರುತ್ತವೆ.

"ನೀವೂ ನಂಬಿಲ್ಲೇನ್ರಿ ಮೇಡಂ?" ಎಂದಳು.

"ಜಾಗಾ ತೋರ್ಸು" ಎಂದೆ.

ಊರ ಹೊರಗೆ, ಬಾಳವ್ವನ ಹೊಲಕ್ಕೆ ಹತ್ತಿಕೊಂಡೇ ಕಾಲುವೆ. ನೀರಿಗೆ ಇಳಿಯಲು ಸಿಮೆಂಟಿನ ಕಡಿದಾದ ಪಾವಟಿಗೆಗಳು. ಹಲ್ಲು ಹೋದ ಆ ಮಧ್ಯಾಹ್ನ ವಿಜಿ ಕುರಿಮರಿಗಳಿಗೆ ನೀರು ಕುಡಿಸಿ ಮೇಲೆ ಬಂದು ನಿಂತಿದ್ದಳು. ಕಾಲುವೆಯ ಅಂಚಿನಲ್ಲಿ ಕೈಕಾಲು ತೊಳೆದುಕೊಂಡ ಮಾಲಿಂಗ ಪಾವಟಿಗೆ ಹತ್ತಿ ಬರುತ್ತ ಅವಳ ಎಡಗೈ ಹಿಡಿದು ಕೆಳಕ್ಕೆ ಜಗ್ಗಿದ. ಮದುವೆಗೆ ಹೂಂ ಅನ್ನುವವರೆಗೆ ಬಿಡುವುದಿಲ್ಲ ಎಂದ. ಇಷ್ಟನ್ನು ಹೇಳಿ ಅವಳು ನಿಲ್ಲಿಸಿದಳು.

ನಾನು ಸುತ್ತಲೂ ಕಲ್ಲು ಹುಡುಕಿದೆ. ಹೊಲವೆಲ್ಲ ಎರೆಮಣ್ಣು. ದಂಡೆಯ ಮೇಲೆ ಕಬ್ಬಿನ ಒಣಗರಿಯ ರವದಿ, ಕುರಿ ಹಿಕ್ಕೆ, ಹರಿದ ಗೊಬ್ಬರ ಚೀಲ. ಕಾಲಿನಿಂದ ಹುಲ್ಲು ಸರಿಸಿ ನೋಡಿದರೂ ಮುಷ್ಟಿಯಷ್ಟು ದೊಡ್ಡ ಕಲ್ಲು ಒಂದೂ ಸಿಗಲಿಲ್ಲ. ಸಿಕ್ಕಿದ್ದರೆ ನನಗೆ ಒಂದು ರೀತಿ ನಿರಾಳವಾಗುತ್ತಿತ್ತೇನೋ.

ತಲೆ ತಗ್ಗಿಸಿ ಹುಡುಕುತ್ತಿದ್ದುದರಿಂದಲೇ ವಿಜಿಯ ಪಾದ ಕಣ್ಣಿಗೆ ಬಿತ್ತು. ಬಲಗಾಲಿಗೆ ಅವ್ವನ ಹಳೆಯ ಅಗಲವಾದ ಚಪ್ಪಲಿ ಹಾಕಿದ್ದಳು. ಅದರ ಪಟ್ಟಿಯೂ ಪೂರ್ತಿ ಮೇಲೆ ಬಂದಿರಲಿಲ್ಲ. ಪಾದದ ಮೇಲ್ಭಾಗ ಊದಿತ್ತು. ಅರಿಷಿಣ ಸುಣ್ಣ ಹಚ್ಚಿದ ಕಲೆ ಒಣಗಿ ಬಿರಿದಿತ್ತು.

"ಇದೇನ?"

"ಪೈಪಿಗೆ ಎಡವಿದೆ ಅಂತ ಅವ್ವಗ ಹೇಳೇನ್ರಿ."

"ಎಡವಿದ್ರ ಬೆರಳಿಗೆ ಪೆಟ್ಟ ಬೀಳ್ತೈತಿ ವಿಜಿ. ಪಾದದ ಮ್ಯಾಲೆ ಬೀಳಂಗಿಲ್ಲ."

ಅವಳು ಕಾಲುವೆಯ ಕಡೆ ಮುಖ ತಿರುಗಿಸಿದಳು. ಆ ಊತ ನನಗೆ ಚೆನ್ನಾಗಿ ಗೊತ್ತು. ಪಂದ್ಯದಲ್ಲಿ ತಲೆಗೆ ಒದೆಯುವಾಗ ಎದುರಾಳಿಯ ಮೊಣಕೈಗೆ ಬಡಿದರೆ ಅಲ್ಲೇ ಊದುತ್ತದೆ. ಇವಳದು ದವಡೆಗೆ ಬಡಿದಿತ್ತು.

"ಕಾಲು ಸೊಂಟದ ಮ್ಯಾಲೆ ಎತ್ತಬ್ಯಾಡ ಅಂತ ಎಷ್ಟು ಸಲ ಹೇಳೇನಿ?" ನನ್ನ ಬಾಯಿಂದ ಮೊದಲು ಬಂದದ್ದು ಇದೇ ಮಾತು.

"ನಾ ಎಲ್ಲಿ ಎತ್ತೇನ್ರಿ ಮೇಡಂ? ಅಂವ ತೆಳಗಿದ್ದ. ಅವನ ಮಾರಿ ನನ್ನ ಸೊಂಟಕ್ಕ ಇತ್ತು."

ಇಬ್ಬರಿಗೂ ನಗು ಬಂದು ಅಲ್ಲೇ ನಿಂತಿತು. ಚಾಪೆಯ ಮೇಲೆ ಯಾವಾಗಲೂ ಇಬ್ಬರೂ ಒಂದೇ ಮಟ್ಟದಲ್ಲಿ ನಿಲ್ಲುತ್ತಾರೆ. ಪಾವಟಿಗೆ ಇರಬಹುದು, ಎದುರಿನವನ ಮುಖ ಸೊಂಟದ ಮಟ್ಟಕ್ಕೆ ಬರಬಹುದು ಎಂದು ನಾನು ಯಾವತ್ತೂ ಯೋಚಿಸಿರಲಿಲ್ಲ.

"ಇದನ್ನ ಮೊದ್ಲ ಹೇಳಬಾರದೇನು?"

"ಯಾರಿಗಿ ಹೇಳ್ಲಿ? ಸೋದರಮಾವನ ಮಾರಿಗೆ ಕಾಲು ಹಚ್ಚೇನಿ ಅಂತ ಅವ್ವಗ ಹೇಳ್ಲೇನ್ರಿ? ಸಣ್ಣಾಕಿದ್ದಾಗ ಅವನ ಹೆಗಲಿಗೆ ಕಾಲು ತಾಗಿದ್ರ ಮುಟ್ಟಿ ನಮಸ್ಕಾರ ಮಾಡಸ್ತಿದ್ಲು. ಅಕಿ ಎದಿ ಒಡ್ಕೊಂತಾಳ್ರಿ. ಮತ್ತ ಅಂವ ಹೇಳಂಗಿಲ್ಲ. ಅಕ್ಕನ ಮಗಳ ಕೈಲೆ ಒದಸ್ಕೊಂಡ್ನಿ ಅಂತ ಯಾವ ಗಂಡಸು ಬಾಯಿ ಬಿಡ್ತಾನು? ಅದಕ್ಕ ಕಲ್ಲ ಅಂದಾನ. ನೀವು ಕೈ ಇಲ್ಲ ಅಂತಷ್ಟ ಹೇಳ್ರಿ ಮೇಡಂ. ಅದು ಖರೆ ಐತೆಲ್ಲ."

ಖರೆ ಇತ್ತು. ಅವಳು ಹೇಳಿದ್ದೂ ಖರೆ, ನಾನು ಹೇಳಬೇಕಾದದ್ದೂ ಖರೆ. ಆದರೂ ಎರಡು ಖರೆಗಳ ನಡುವೆ ಏನನ್ನೋ ಮುಚ್ಚಿಡಲು ಹೊರಟಿದ್ದೇವೆ ಎಂದು ಸ್ಕೂಟಿಯ ಹಿಂದೆ ಕೂತು ಊರು ಸೇರುವವರೆಗೂ ಅನಿಸುತ್ತಿತ್ತು.

ಹಾಲಿನ ಡೇರಿಯ ಮುಂದಿನ ಕಟ್ಟೆಯ ಮೇಲೆ ಹಿರಿಯರು ಕೂತಿದ್ದರು. ನಡುವೆ ಭೀಮರಾಯ ಕಾಕಾ, ಊರಿನವರೆಲ್ಲ ಮಾತು ಕೇಳುವ ಮನುಷ್ಯ. ಬಾಳವ್ವ ಹೆಂಗಸರ ಸಾಲಿನಲ್ಲಿ ಸೆರಗು ಬಾಯಿಗೆ ಹಿಡಿದು ನಿಂತಿದ್ದರು. ಮಾಲಿಂಗ ಕಂಬಕ್ಕೆ ಒರಗಿ ಕುಳಿತಿದ್ದ. ಗದ್ದದಿಂದ ನೆತ್ತಿಯವರೆಗೆ ಬಿಳಿ ಪಟ್ಟಿ. ಎಡಗಪಾಳ ನೇರಳೆಯಾಗಿ ಊದಿತ್ತು. ಊದಿದ ಕಡೆ ಚರ್ಮ ಹರಿದಿರಲಿಲ್ಲ. ನಾನು ಅದನ್ನು ನೋಡುವುದನ್ನು ಅವನು ನೋಡಿದ, ಅಂಗೈಯಿಂದ ಕಪಾಳ ಮುಚ್ಚಿಕೊಂಡ.

"ಬರ್ರಿ ಬಾಯಾರ, ಮ್ಯಾಲೆ ಬರ್ರಿ" ಎಂದರು ಭೀಮರಾಯ ಕಾಕಾ. "ಈ ಕರಾಟಿ ಅಂದ್ರ ಟಿವ್ಯಾಗ ಚೀರಿಕೋಂತ ಹಾರ್ತಾರಲ್ಲ, ಅದ ಏನ್ರಿ?"

"ಹಾರೂದಿಲ್ರಿ ಕಾಕಾ. ಹತ್ರ ನಿಂತು ಹೊಡಿತೇವಿ. ಎದಿಗೆ, ಪಕ್ಕಕ್ಕ, ತೊಡಿಗೆ. ಸುಳ್ಳ ಸುಳ್ಳ ಅಲ್ಲ, ಖರೇನ ಹೊಡಿತೇವಿ."

"ಮಾರಿಗೆ?"

"ಮಾರಿಗೆ ಕೈ ಇಲ್ರಿ. ಅದು ನಮ್ಮ ನಿಯಮ."

ಹಿಂದೆ ನಿಂತಿದ್ದ ಅಲ್ಲಪ್ಪ ಎಂಬಾತನಿಗೆ ತಡೆಯಲಾಗಲಿಲ್ಲ. "ಹಂಗಾರ ಜಗಳಾ ಶುರು ಆಗೂ ಮುಂಚೆ ನಿಯಮಾ ಓದಿ ಹೇಳ್ತೀರೇನ್ರಿ ಬಾಯಾರ? ಏ ತಮ್ಮಾ, ಮಾರಿ ಒಂದು ಬಿಟ್ಟು ಎಲ್ಲಿ ಬೇಕಾದಲ್ಲಿ ಹೊಡಿ, ನಾ ಹಿಂಗ ನಿಂತಿರ್ತೇನಿ ಅಂತ?"

ಕಟ್ಟೆಯ ಮೇಲೆಲ್ಲ ನಗು ಎದ್ದಿತು. "ನೀವು ನಕ್ರೂ ಅದು ಹಂಗ ಐತ್ರಿ" ಎಂದೆ. "ವರ್ಷಗಟ್ಟಲೆ ಮಾರಿಗೆ ಕೈ ಒಯ್ಯದಾಕಿ ಸಿಟ್ಟು ಬಂದ್ರೂ ಒಯ್ಯಂಗಿಲ್ಲ. ಕೈಗೆ ಆ ದಾರೀನ ಗೊತ್ತಿರಂಗಿಲ್ರಿ. ವಿಜಯಲಕ್ಷ್ಮಿ ಕೈ ನೋಡ್ರಿ, ಒಂದು ಗೀರೂ ಇಲ್ಲ. ಇಕಿ ಇವರ ಮಾರಿಗೆ ಗುದ್ದಿಲ್ಲ ಅಂತ ನಾ ಯಾರ ಮುಂದ ಬೇಕಾದ್ರೂ ಹೇಳ್ತೇನಿ."

ಭೀಮರಾಯ ಕಾಕಾ ವಿಜಿಯ ಕೈಗಳನ್ನು ದೂರದಿಂದಲೇ ನೋಡಿದರು, ತಲೆದೂಗಿದರು. "ಖರೆ ಅನಸ್ತೈತಿ. ಗಳೇದ ಎತ್ತಿಗೂ ಹಂಗ, ರೂಢಿ ಇದ್ದ ಸಾಲ ಬಿಟ್ಟು ಹೋಗಂಗಿಲ್ಲ. ಅಂದಮ್ಯಾಲೆ ಕೈ ಅಲ್ಲ ಅಂತೀರಿ."

"ಅಲ್ರಿ."

"ಪಕ್ಕಾ?"

"ಪಕ್ಕಾ ಅಲ್ರಿ."

"ಕೈ ಅಲ್ಲಂದ್ರ ಕಲ್ಲ ಆತಲ್ಲ ಬಾಯಾರ?"

ಮಾಲಿಂಗ ಪಟ್ಟಿಯೊಳಗಿಂದಲೇ ತಡವರಿಸಿದ: "ಅದನ್ನ ನಾ ಹೇಳಾಕತ್ತೇನಿ. ಬಾಯಾರ ಹೇಳೂದು ಖರೆ. ಕೈ ಅಲ್ಲ. ಕಲ್ಲ." ನನಗೆ ಕೈ ಮುಗಿದ ಕೂಡ.

ಯಾವುದು ಹುಡುಗಿಯನ್ನು ಉಳಿಸುತ್ತದೆ ಎಂದು ನಾನು ನಂಬಿ ಬಂದಿದ್ದೆನೋ ಅದನ್ನೇ ತೆಗೆದು ಅವಳ ಮೇಲೆ ಹೊರಿಸಿದ್ದೆ. ನಾಳೆ ಠಾಣೆಯಲ್ಲಿ ಅವನು ಕಲ್ಲು ಎನ್ನುತ್ತಾನೆ, ಅವಳ ಗುರುವೇ ಕೈ ಅಲ್ಲ ಎಂದಿದ್ದಾಳೆ ಎನ್ನುತ್ತಾನೆ. ಕಾಲು ಎಂದು ಹೇಳಿದರೆ ಕಲ್ಲಿನ ಮಾತು ಬೀಳುತ್ತದೆ. ಆದರೆ ಅದು ನನ್ನ ಬಾಯಿಂದ ಬರಬೇಕಾದ ಮಾತಲ್ಲ. ವಿಜಿ ನೆಲ ನೋಡುತ್ತಿದ್ದಳು.

"ಕಾಕಾ, ಇವರಿಗೆ ಒಂದು ಮಾತು ಕೇಳಲೇನ್ರಿ?" ಎಂದೆ. "ಆ ಕಲ್ಲ ಎಲ್ಲಿತ್ತು?"

"ದಂಡಿ ಮ್ಯಾಲೆ" ಎಂದ ಮಾಲಿಂಗ.

"ನಾ ಈಗ ಅಲ್ಲೇ ಹೋಗಿ ಬಂದೇನ್ರಿ. ಕಾಲಿಲೆ ಹುಲ್ಲ ಸರಿಸಿ ನೋಡೇನಿ. ನನಗೊಂದೂ ಸಿಗಲಿಲ್ಲ."

"ಬಾಳವ್ವನ ಹೊಲದಾಗ ಕಲ್ಲ?" ಎಂದ ಅಲ್ಲಪ್ಪ. "ನಾ ಅಲ್ಲಿ ಬೇಲಿ ಗೂಟ ಬಡಿಯಾಕ ಮನಿಯಿಂದ ಕಲ್ಲ ಹೊತ್ಕೊಂಡು ಹೋಗಿದ್ನೆಪಾ."

ಈ ಸಲ ನಗು ಬೇರೆ ಕಡೆ ತಿರುಗಿತು. ಮಾಲಿಂಗ ಕೈ ಬೀಸಿದ. "ಕಲ್ಲೋ ಗೂಟಾನೋ, ಕೈಯಾಗ ಏನರ ಹಿಡದಿದ್ಲು!"

"ಏನರ ಅಂದ್ರ?" ಭೀಮರಾಯ ಕಾಕಾನ ಕಣ್ಣು ಸಣ್ಣವಾದವು. "ಇಷ್ಟೊತ್ತು ಕಲ್ಲ ಇತ್ತು. ಈಗ ಗೂಟ ಆತು. ಮಾರಿಗೆ ಬಡದದ್ದು ಏನಂತ ನಿನಗ ಗೊತ್ತಿಲ್ಲೇನೋ ಮಾಲಿಂಗಾ?"

ಉತ್ತರ ಕೊಟ್ಟವಳು ವಿಜಿ, ಕಾಕಾನ ಕಡೆ ತಿರುಗಿ.

"ಕಾಲ್ರಿ ಅಜ್ಜಾ. ಅಂವ ತೆಳಗ ನಿಂತು ನನ್ನ ಕೈ ಹಿಡದು ಜಗ್ಗಾಕತ್ತಿದ್ದ. ಬಿಡು ಮಾವಾ ಅಂದ್ನಿ. ಬಿಡಲಿಲ್ಲ. ಕಾಲಿಲೆ ಹೊಡದ್ನಿ. ಮಾರಿಗೆ."

ಬಾಳವ್ವ ಸಾಲು ಬಿಟ್ಟು ಬಂದದ್ದನ್ನು ನಾನು ನೋಡಿದೆ, ನೋಡಿಯೂ ತಡೆಯಲಾಗಲಿಲ್ಲ. ಮಗಳ ಮುಂದೆ ನಿಂತು, ಕೈ ಹಿಂದಕ್ಕೆ ತೆಗೆದು, ಕಪಾಳಕ್ಕೆ ಹೊಡೆದರು. ಸಾವಕಾಶವಾಗಿ ಬಂದ ಏಟು. ತಡೆಯಲು ಬೇಕಾದಷ್ಟು ಹೊತ್ತಿತ್ತು. ವಿಜಿಯ ಕೈಗಳು ಪಕ್ಕೆಯ ಹತ್ತಿರವೇ ಉಳಿದವು. ಸಪ್ಪಳ ಡೇರಿಯ ಗೋಡೆಗೆ ಬಡಿದು ತಿರುಗಿ ಬಂತು.

"ಅವನ ಮಾರಿಗೆ! ನಿನ್ನ ಎತ್ತಿ ಆಡಿಸ್ದಂವನ ಮಾರಿಗೆ!"

ಹೆಂಗಸರು ಬಾಳವ್ವನನ್ನು ಹಿಡಿದುಕೊಂಡರು. ಭೀಮರಾಯ ಕಾಕಾ ಗಂಟಲು ಸರಿಮಾಡಿಕೊಂಡರು.

"ಹುಡುಗಿ ಮಾಡಿದ್ದು ತಪ್ಪ. ಕೈ ಹಿಡದು ಜಗ್ಗಿದ್ದೂ ತಪ್ಪ. ಅದನ್ನ ಆಮ್ಯಾಲೆ ನೋಡೂಣು. ಮಾಲಿಂಗಾ, ನೀ ಟೇಸನ್ನಿಗೆ ಹೋಗ್ತೇನಿ ಅಂತಿದ್ದಿ. ಹೋಗು, ನಾವ್ಯಾರೂ ತಡಿಯಂಗಿಲ್ಲ. ಆದ್ರ ಅಲ್ಲಿ ಏನ ಬರಸ್ತಿ? ಕಲ್ಲ ಅಂದ್ರ ಆ ಕಲ್ಲ ತೋರ್ಸು ಅಂತಾರ. ಕಾಲು ಅಂದ್ರ ಹೆಂಗ, ಎಲ್ಲಿ, ಯಾಕ ಅಂತ ಎಲ್ಲಾ ಬರಕೊಂತಾರ. ಓದಿ ಹೇಳಿ ಸಹಿ ಮಾಡಸ್ತಾರ."

ಹಿಂದೆ ಯಾರೋ ಕೆಮ್ಮಿದಂತೆ ಮಾಡಿ ನಗು ನುಂಗಿದರು. ಮಾಲಿಂಗ ತನ್ನ ಚಪ್ಪಲಿ ನೋಡಿದ.

"ಯಾರೂ ಹೊಡದಿಲ್ಲ" ಎಂದ ಕೊನೆಗೆ. "ಪಾವಟಿಗಿ ಮ್ಯಾಲೆ ಜಾರಿ ಬಿದ್ನಿ."

"ಹಾಂ?"

"ಜಾರಿ ಬಿದ್ನಿ ಅಂದ್ನೆಲ್ರಿ! ನೀರು ಇತ್ತು. ಬಿದ್ನಿ."

"ಮತ್ತ ಲಗ್ನದ ಮಾತು?"

"ಇಕಿನ್ನ ಯಾಂವ ಮಾಡ್ಕೊಂತಾನ್ರಿ?" ಎಂದು ಎದ್ದು, ಪಟ್ಟಿ ಸರಿಮಾಡಿಕೊಂಡು ಹೋದ.

ಭೀಮರಾಯ ಕಾಕಾ ಕಟ್ಟೆಯ ಮೇಲಿದ್ದವರನ್ನೆಲ್ಲ ಒಂದು ಸಲ ನೋಡಿದರು. "ಕೇಳಿದ್ರೆಲ್ಲ? ಮಾಲಿಂಗ ಜಾರಿ ಬಿದ್ದಾನ. ಯಾರ ಕೇಳಿದ್ರೂ ಅಷ್ಟ." ಎಲ್ಲರೂ ಹೂಂಗುಟ್ಟಿದರು. ಅಲ್ಲಪ್ಪ ಮಾತ್ರ ತುಸು ತಡವಾಗಿ ಹೂಂ ಎಂದ.

ಬಾಳವ್ವ ನನ್ನ ಜೊತೆ ಮಾತಾಡಲಿಲ್ಲ, ಮಗಳ ಜೊತೆಯೂ ಇಲ್ಲ. ನಾನು ಬಸ್ಸು ಹತ್ತಿ ಗೋಕಾಕಕ್ಕೆ ಬಂದೆ.

ಸೋಮವಾರ ಏನೂ ಆಗಲಿಲ್ಲ. ಆದರೂ ನನಗೆ ನಂಬಿಕೆ ಬರಲಿಲ್ಲ. ಇಷ್ಟು ಜನರಿಗೆ ಗೊತ್ತಿರುವ ಸುಳ್ಳು ಎಷ್ಟು ದಿನ ನಿಲ್ಲುತ್ತದೆ? ಸಿಟ್ಟು ಇಳಿದ ಮೇಲೆ ನಾಚಿಕೆಯೂ ಇಳಿದು, ಮಾಲಿಂಗ ಒಂದು ದಿನ ಠಾಣೆಯ ಮೆಟ್ಟಿಲು ಹತ್ತಿದರೆ? ಅಲ್ಲಪ್ಪ ಎಲ್ಲಾದರೂ ನಗುತ್ತ ಹೇಳಿಬಿಟ್ಟರೆ? ಔಷಧಿ ಅಂಗಡಿಗೆ ಖಾಕಿ ತೊಟ್ಟವರು ಗುಳಿಗೆ ಕೇಳಿ ಬಂದರೂ ಎಣಿಸಿದ ಚಿಲ್ಲರೆಯನ್ನೇ ಮತ್ತೆ ಎಣಿಸುತ್ತಿದ್ದೆ. ನಾನೇ ಆ ಮಾತು ತಿಳಿದೂ ಮುಚ್ಚಿಡಲು ಹೊರಟವಳು. ಹುಡುಗಿ ಬಾಯಿ ಬಿಡದಿದ್ದರೆ ನಾನು ಏನು ಮಾಡುತ್ತಿದ್ದೆ?

ಮಳೆಗಾಲ ಹಿಡಿದುಕೊಂಡ ಮೇಲೆ ಒಂದು ಮಧ್ಯಾಹ್ನ ಬಾಳವ್ವನ ಫೋನು ಬಂತು.

"ಬಾಯಾರ, ಪೊಲೀಸ ಬಂದು ಹೋದ್ರಿ."

ನಾನು ಎದ್ದು ನಿಂತೆ. "ಯಾಕ ಬಂದಿದ್ರು?"

"ವಿಜೀದು ಕೇಳಾಕ್ರಿ. ನೌಕರಿದು. ಭೀಮರಾಯ ಕಾಕಾನ ಮನಿ ಮುಂದ ಕುಂತು ಕೇಳಿದ. ಹುಡುಗಿದು ಜಗಳ ತಂಟೆ ಏನರ ಐತೇನು ಅಂತ. ಮಾಲಿಂಗನೂ ಅಲ್ಲೇ ಇದ್ದ. ಚಾ ಅವನ ತರಿಸಿದ."

"ಮಾಲಿಂಗ ಏನಂದ್ರು?"

"ನನ್ನ ಅಕ್ಕನ ಮಗಳ್ರಿ, ಭಾಳ ಶಾಂತ ಹುಡುಗಿ ಅಂದ." ಅವರು ನಕ್ಕರೋ ಅತ್ತರೋ, ಒಂದು ಸಪ್ಪಳ ಕೇಳಿತು. "ಹಲ್ಲಿಗೆ ಏನಾಗೈತಿ ಅಂತ ಪೊಲೀಸ ಕೇಳಿದ. ಜಾರಿ ಬಿದ್ನಿ ಅಂದ. ಬರಕೊಂಡು ಹ್ವಾದ. ಮುಗೀತ್ರಿ."

"ಅವರು ಯಾಕ ಹಂಗಂದ್ರು? ಮುಂದ ಏನರ ಕೇಳ್ತಾರೇನು?"

"ನೀವು ಎಲ್ಲಾದ್ರಾಗೂ ಸಂಶೇ ಮಾಡ್ತೀರಿ ಬಾಯಾರ."

"ನೀವು ಮಾಡಂಗಿಲ್ಲೇನ್ರಿ?"

"ಮಾಡ್ತೇನಿ. ಅದಕ್ಕ ಫೋನ ಮಾಡೇನಿ. ಅವತ್ತ ನಾ ಹೊಡದ್ನೆಲ್ರಿ, ಅಕಿ ಕೈ ಯಾಕ ಮ್ಯಾಲೆ ಬರಲಿಲ್ಲ? ಅವ್ವ ಅಂತ ಸುಮ್ಮ ನಿಂತ್ಲೋ, ಇಲ್ಲಾ ತಡಿಯಾಕ ಬರಂಗಿಲ್ಲೋ? ಅಕಿನ್ನ ಕೇಳಾಕ ನನಗ ಆಗವಲ್ದು. ನಾವಿನ್ನೂ ಮಾತಾಡಿಲ್ಲ."

"ನನಗೂ ಗೊತ್ತಿಲ್ರಿ ಬಾಳವ್ವಾರ." ನಿಜವಾಗಿಯೂ ಗೊತ್ತಿರಲಿಲ್ಲ. ಆ ಏಟು ಎಷ್ಟೋ ಸಲ ನನ್ನ ಕಣ್ಣ ಮುಂದೆ ಬಂದಿತ್ತು, ಪ್ರತಿ ಸಲವೂ ಬೇರೆ ಬೇರೆ ಕಾರಣ ಹೊತ್ತುಕೊಂಡು.

"ನಾಳೆ ಕುಡದಂವ ಬರ್ತಾನ, ಕಳ್ಳ ಬರ್ತಾನ. ಅವರು ಮಾರಿ ಬಿಟ್ಟು ಹೊಡಿತಾರೇನ್ರಿ? ಟ್ರೇನಿಂಗಿಗೆ ಹೋಗೂದ್ರಾಗ ಅದೊಂದು ನೋಡ್ರಿ" ಎಂದು ಫೋನ್ ಇಟ್ಟರು.

ಮರುದಿನ ಸಂಜೆ ವಿಜಿ ಕ್ಲಾಸಿಗೆ ಬಂದಳು. ಪಾದದ ಊತ ಇಳಿದಿತ್ತು. ಉಳಿದವರು ಹೋದ ಮೇಲೆ ಅವಳೊಬ್ಬಳನ್ನೇ ನಿಲ್ಲಿಸಿಕೊಂಡೆ. "ಇವತ್ತ ಮಾರಿಗೆ ಹೊಡಿತೇನಿ. ತಡಿಬೇಕು" ಎಂದು ಮೊದಲೇ ಹೇಳಿದೆ. ಹೂಂ ಎಂದು ನಿಂತಳು. ನಾನು ಬಲ ಹಾಕದೆ ಅಂಗೈ ಬೀಸಿದೆ. ಹೇಳಿ ಬೀಸಿದ ಕೈ. ಆದರೂ ಅದು ನೇರ ಅವಳ ಕಪಾಳಕ್ಕೆ ಹೋಗಿ ತಾಗಿತು. ಅವಳ ಎರಡೂ ಮೊಣಕೈಗಳು ಪಕ್ಕೆ ಕಾಯುತ್ತ ಕೆಳಗೇ ಇದ್ದವು.

ವಿಜಿ ಕಪಾಳ ಮುಟ್ಟಿಕೊಂಡು ನಕ್ಕಳು. "ಫೌಲ್ ಮೇಡಂ!"

ಎರಡನೆಯದನ್ನು ಅವಳು ನಗುತ್ತಿರುವಾಗಲೇ ಕೊಟ್ಟೆ.